ಹೈಸ್ಕೂಲ್ ಕೆಮಿಸ್ಟ್ರಿ: ಕಾಸರಗೋಡಿನ ಮಕ್ಕಳು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸು ಓದುವ ಮಕ್ಕಳಿಗಾಗಿ ಇದನ್ನು ಬರೆದಿದ್ದೇನೆ. ಮನೆಯಲ್ಲಿ ಪಾಠ ಹೇಳಿಕೊಡುವ ಅಪ್ಪ ಅಮ್ಮನಿಗೂ ಉಪಯೋಗ ಆದೀತು. ಉದಾಹರಣೆಗಳೆಲ್ಲ ನಮ್ಮ ತೋಟ, ಬಾವಿ, ಅಡುಗೆಮನೆಯವು. ನಾನು ಕ್ಲಾಸಿನಲ್ಲಿ ಹೇಳುವುದು ಒಂದೇ ಮಾತು: ಮೊದಲು ವಸ್ತುವಿಗೆ ಏನಾಯಿತು ಅಂತ ಕಣ್ಣಿಟ್ಟು ನೋಡಿ, ಸಮೀಕರಣ ಆಮೇಲೆ ಬರೆಯಿರಿ. ಈ ಉತ್ತರಗಳೆಲ್ಲ ಅದೇ ದಾರಿಯಲ್ಲಿವೆ.

ಟೀಚರ್, ಕೆಮಿಸ್ಟ್ರಿ ಅಂದರೆ ಬರೀ ಬಾಯಿಪಾಠ ಅಲ್ವಾ?

ಅಲ್ಲ. ಬಾಯಿಪಾಠ ಬೇಕಾದದ್ದು ಸ್ವಲ್ಪ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಮೊದಲ 20 ಧಾತುಗಳ ಹೆಸರು, ಸಂಕೇತ, ಪರಮಾಣು ಸಂಖ್ಯೆ. ಕಬ್ಬಿಣ, ತಾಮ್ರ, ಸತು, ಬೆಳ್ಳಿ, ಸೀಸದಂಥ ಕೆಲವು ಲೋಹಗಳ ಸಂಕೇತ. ಸಲ್ಫೇಟ್, ನೈಟ್ರೇಟ್, ಕಾರ್ಬೊನೇಟ್, ಹೈಡ್ರಾಕ್ಸೈಡ್, ಅಮೋನಿಯಂ ಈ ಐದರ ಸೂತ್ರ. ಇಷ್ಟು ಕಲಿಯಲು ದಿನಕ್ಕೆ ಹತ್ತು ನಿಮಿಷದಂತೆ ಎರಡು ವಾರ ಧಾರಾಳ ಸಾಕು. ಉಳಿದದ್ದನ್ನೆಲ್ಲ ಇದರಿಂದಲೇ ಯೋಚಿಸಿ ತೆಗೆಯಬಹುದು. ಇಷ್ಟನ್ನು ಕಲಿಯದೆ ಸುಮ್ನೆ ಸಮೀಕರಣಗಳನ್ನೇ ಉರು ಹೊಡೆಯುವ ಮಕ್ಕಳಿಗೆ ಪ್ರತಿ ಪಾಠವೂ ಹೊಸ ಕಷ್ಟವಾಗಿಯೇ ಕಾಣುತ್ತದೆ.

ಧಾತು, ಸಂಯುಕ್ತ, ಮಿಶ್ರಣ: ಈ ಮೂರರ ವ್ಯತ್ಯಾಸ ಪ್ರತಿ ಸಲ ಗೊಂದಲ ಆಗುತ್ತದೆ. ಹೇಗೆ ನೆನಪಿಡುವುದು?

ಒಂದೇ ಬಗೆಯ ಪರಮಾಣುಗಳಿದ್ದರೆ ಧಾತು. ಬೇರೆ ಬೇರೆ ಧಾತುಗಳ ಪರಮಾಣುಗಳು ಒಂದು ನಿಗದಿತ ಲೆಕ್ಕದಲ್ಲಿ ಬಂಧಗೊಂಡರೆ ಸಂಯುಕ್ತ. ಯಾವ ಲೆಕ್ಕವೂ ಇಲ್ಲದೆ ಸುಮ್ಮನೆ ಜೊತೆಗಿದ್ದರೆ ಮಿಶ್ರಣ.

ಚಿನ್ನದ ಅಂಗಡಿಯಲ್ಲಿ 916 ಅಂತ ಬರೆದಿರುವುದನ್ನು ನೋಡಿದ್ದೀರಿ. ಶುದ್ಧ ಚಿನ್ನ ಧಾತು. 916 ಅಂದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿಯಂಥ ಬೇರೆ ಲೋಹ. ಅಂದರೆ 24ರಲ್ಲಿ 22 ಪಾಲು, ಅದೇ 22 ಕ್ಯಾರೆಟ್. ಅದು ಮಿಶ್ರಣ. ತಾಮ್ರವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೂ ಬಳೆ ಬಳೆಯೇ. ಸಂಯುಕ್ತದಲ್ಲಿ ಹಾಗೆ ನಡೆಯುವುದಿಲ್ಲ. ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಇನ್ನೊಂದು ಆಕ್ಸಿಜನ್ ಸೇರಿದರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಗಾಯ ತೊಳೆಯುವಾಗ ನೊರೆ ಬರುತ್ತದಲ್ಲ, ಆ ದ್ರವದಲ್ಲಿರುವುದು ಅದು.

ನಮ್ಮ ಮನೆಗಳ ಗೋಡೆಯ ಮುರಕಲ್ಲನ್ನೂ ನೋಡಿ. ಕಲ್ಲು ಒಟ್ಟಾರೆ ಮಿಶ್ರಣ. ಅದಕ್ಕೆ ಕೆಂಪು ಬಣ್ಣ ಕೊಡುವ ಕಬ್ಬಿಣದ ಆಕ್ಸೈಡ್ ಸಂಯುಕ್ತ. ಆ ಆಕ್ಸೈಡಿನೊಳಗಿನ ಕಬ್ಬಿಣ ಧಾತು. ಮೂರೂ ಒಂದೇ ಕಲ್ಲಿನಲ್ಲಿ ಸಿಕ್ಕಿತು.

ಸಂಯುಕ್ತವಾದ ಮೇಲೆ ಹಳೆಯ ಗುಣ ಹೋಗುತ್ತದೆ ಅನ್ನುವುದನ್ನೂ ಗಟ್ಟಿ ಹಿಡಿದುಕೊಳ್ಳಿ. ಸೋಡಿಯಂ ನೀರಿಗೆ ಬಿದ್ದರೆ ಉರಿದು ಸಿಡಿಯುವ ಲೋಹ. ಕ್ಲೋರಿನ್ ವಿಷಗಾಳಿ, 1915ರಲ್ಲಿ ಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ್ದು. ಎರಡೂ ಸೇರಿದರೆ ಗಂಜಿಗೆ ಹಾಕುವ ಉಪ್ಪು.

ಪರಮಾಣು ಕಣ್ಣಿಗೆ ಕಾಣುವುದಿಲ್ಲ. ಇದೆ ಅಂತ ನಂಬುವುದು ಹೇಗೆ?

ಒಳ್ಳೆಯ ಪ್ರಶ್ನೆ, ವಿಜ್ಞಾನಿಗಳೇ ನೂರು ವರ್ಷ ಇದರ ಬಗ್ಗೆ ಜಗಳ ಮಾಡಿದ್ದಾರೆ. ಸಂಯುಕ್ತಗಳಲ್ಲಿ ತೂಕದ ಲೆಕ್ಕ ಯಾವಾಗಲೂ ಒಂದೇ ಬರುವುದನ್ನು ನೋಡಿ ಡಾಲ್ಟನ್ 1808ರಲ್ಲಿ ಪರಮಾಣು ಸಿದ್ಧಾಂತ ಬರೆದರು. 1897ರಲ್ಲಿ ಥಾಮ್ಸನ್ ಪರಮಾಣುವಿನೊಳಗೆ ಎಲೆಕ್ಟ್ರಾನ್ ಇದೆ ಅಂತ ತೋರಿಸಿದರು. ರುದರ್‌ಫೋರ್ಡ್ ಅವರ ಪ್ರಯೋಗಾಲಯದಲ್ಲಿ ತೆಳ್ಳಗಿನ ಚಿನ್ನದ ಹಾಳೆಗೆ ಆಲ್ಫಾ ಕಣಗಳನ್ನು ಹೊಡೆದು ನೋಡಿದಾಗ ಹೆಚ್ಚಿನವು ನೇರವಾಗಿ ದಾಟಿ ಹೋದವು, ಬೆರಳೆಣಿಕೆಯಷ್ಟು ಮಾತ್ರ ಹಿಂದಕ್ಕೆ ಪುಟಿದವು. ಹಾಗಾದರೆ ಪರಮಾಣುವಿನ ಹೆಚ್ಚಿನ ಜಾಗ ಖಾಲಿ, ನಡುವಿನಲ್ಲಿ ಪುಟ್ಟದಾದ, ಭಾರವಾದ ನ್ಯೂಕ್ಲಿಯಸ್ ಇದೆ ಅಂತ 1911ರಲ್ಲಿ ಅವರು ಹೇಳಿದರು. ನ್ಯೂಟ್ರಾನ್ ಸಿಕ್ಕಿದ್ದು 1932ರಲ್ಲಿ, ಚಾಡ್ವಿಕ್ ಅವರಿಗೆ. ಈಗ ವಿಶೇಷ ಮೈಕ್ರೋಸ್ಕೋಪುಗಳಲ್ಲಿ ಒಂದೊಂದು ಪರಮಾಣುವಿನ ಚಿತ್ರವನ್ನೂ ತೆಗೆಯುತ್ತಾರೆ.

ವೇಲೆನ್ಸಿ ಅಂದರೆ ನಿಜವಾಗಿ ಏನು?

ಒಂದು ಪರಮಾಣು ಬಂಧ ಮಾಡುವಾಗ ಎಷ್ಟು ಎಲೆಕ್ಟ್ರಾನ್ ಕೊಡುತ್ತದೆ, ತೆಗೆದುಕೊಳ್ಳುತ್ತದೆ ಅಥವಾ ಹಂಚಿಕೊಳ್ಳುತ್ತದೆ ಅನ್ನುವ ಸಂಖ್ಯೆ. ಹೊರಗಿನ ಕಕ್ಷೆಯಲ್ಲಿ ಎಂಟು ಎಲೆಕ್ಟ್ರಾನ್ ಇದ್ದರೆ ಪರಮಾಣುವಿಗೆ ಸ್ಥಿರತೆ. ಒಳಗಿನ ಕಕ್ಷೆಯಿಂದ ಹೊರಕ್ಕೆ ಎಣಿಸಿದರೆ ಸೋಡಿಯಂನ ಎಲೆಕ್ಟ್ರಾನ್ ಲೆಕ್ಕ 2, 8, 1. ಹೊರಗಿನ ಒಂದನ್ನು ಬಿಟ್ಟುಕೊಟ್ಟರೆ ಆಯಿತು, ವೇಲೆನ್ಸಿ 1. ಕ್ಲೋರಿನ್ 2, 8, 7. ಅದಕ್ಕೆ ಒಂದು ಬೇಕು, ಅದರದ್ದೂ 1. ಹಾಗಾಗಿ ಉಪ್ಪಿನಲ್ಲಿ ಒಂದಕ್ಕೆ ಒಂದು. ಕ್ಯಾಲ್ಸಿಯಂ 2, 8, 8, 2. ಅದು ಎರಡು ಕೊಡುತ್ತದೆ, ಒಂದು ಕ್ಲೋರಿನ್ ಒಂದನ್ನೇ ತೆಗೆದುಕೊಳ್ಳಬಲ್ಲದು. ಅದಕ್ಕೇ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಒಂದು ಕ್ಯಾಲ್ಸಿಯಂಗೆ ಎರಡು ಕ್ಲೋರಿನ್. ಸೂತ್ರದಲ್ಲಿ ಕೆಳಗೆ ಬರೆಯುವ ಸಣ್ಣ ಅಂಕಿ ಬರುವುದು ಇಲ್ಲಿಂದ.

ಕಬ್ಬಿಣಕ್ಕೆ 2, 3 ಎರಡೂ ವೇಲೆನ್ಸಿ ಉಂಟು. ಪಾಠದಲ್ಲಿ ಫೆರಸ್, ಫೆರಿಕ್ ಅಂತ ಬರುವುದು ಅದಕ್ಕೆ. ಫೆರಸ್ ಸಲ್ಫೇಟ್ ತಿಳಿ ಹಸಿರು, ಫೆರಿಕ್ ಸಂಯುಕ್ತಗಳು ಹೆಚ್ಚಾಗಿ ಹಳದಿ, ಕಂದು.

ಸೋಡಿಯಂ ಸಂಕೇತ ಎನ್‌ಎ, ಕಬ್ಬಿಣದ್ದು ಎಫ್‌ಇ. ಹೆಸರಿಗೂ ಇದಕ್ಕೂ ಸಂಬಂಧವೇ ಇಲ್ಲವಲ್ಲ?

ಲ್ಯಾಟಿನ್ ಹೆಸರುಗಳಿಂದ ಬಂದವು. ನೇಟ್ರಿಯಂ, ಕೇಲಿಯಂ, ಫೆರಂ, ಕ್ಯುಪ್ರಂ, ಅರ್ಜೆಂಟಂ, ಔರಂ, ಪ್ಲಂಬಂ. ಈ ಏಳನ್ನು ಕಲಿತುಬಿಡಿ, ಹೈಸ್ಕೂಲಿಗೆ ಹೆಚ್ಚುಕಡಿಮೆ ಸಾಕು.

ಆವರ್ತಕ ಕೋಷ್ಟಕದಲ್ಲಿ ಹೀಲಿಯಂ ಯಾಕೆ ಆ ಮೂಲೆಯಲ್ಲಿ?

ಕೋಷ್ಟಕದ ಬಲಗಡೆಯ ಕೊನೆಯ ಕಂಬದಲ್ಲಿರುವವೆಲ್ಲ ಹೊರಗಿನ ಕಕ್ಷೆ ತುಂಬಿರುವ ಅನಿಲಗಳು. ಅವುಗಳಿಗೆ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ಹೀಲಿಯಂನಲ್ಲಿ ಇರುವುದು ಎರಡೇ ಎಲೆಕ್ಟ್ರಾನ್, ಆದರೆ ಮೊದಲ ಕಕ್ಷೆ ಎರಡಕ್ಕೇ ತುಂಬುತ್ತದೆ. 1869ರಲ್ಲಿ ಮೆಂಡಲೀವ್ ಕೋಷ್ಟಕ ಮಾಡುವಾಗ ಗೊತ್ತಿದ್ದದ್ದು 63 ಧಾತುಗಳು, ಈಗ 118. ಮೆಂಡಲೀವ್ ಅವರ ಆ ಕೋಷ್ಟಕದಲ್ಲಿ ಹೀಲಿಯಂ ಇರಲಿಲ್ಲ.

ಹೀಲಿಯಂ ಕತೆಯಲ್ಲಿ ನಮ್ಮ ಊರೂ ಬರುತ್ತದೆ, ಇದನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತೇನೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿನಲ್ಲಿ ನಿಂತು ಸೂರ್ಯನ ಅಂಚಿನ ಬೆಳಕನ್ನು ಪರೀಕ್ಷಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕ್ಯರ್ ಕೂಡ ಸೂರ್ಯನ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿ ಅದರಲ್ಲಿ ಒಂದು ಹಳದಿ ಗೆರೆ ಕಂಡರು. ಹೀಗೆ ನೋಡಿದಾಗ ಒಂದೊಂದು ಧಾತುವಿಗೂ ಅದರದ್ದೇ ಗೆರೆಗಳು ಕಾಣುತ್ತವೆ. ಅದು ಸೋಡಿಯಂನ ಹಳದಿ ಗೆರೆಗಳ ಹತ್ತಿರ ಇತ್ತು, ಆದರೆ ಅದೇ ಜಾಗದಲ್ಲಿ ಇರಲಿಲ್ಲ. ಭೂಮಿಯ ಮೇಲೆ ಗೊತ್ತಿರುವ ಯಾವ ಧಾತುವಿಗೂ ಅದು ಹೊಂದಲಿಲ್ಲ. ಹೊಸ ಧಾತು ಅಂತ ಅಂದಾಜು ಮಾಡಿ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಅಂದರು. ಅದೇ ಲಾಕ್ಯರ್ 1871ರ ಡಿಸೆಂಬರ್ 12ರ ಗ್ರಹಣ ನೋಡಲು ತಂಡ ಕಟ್ಟಿಕೊಂಡು ನಮ್ಮ ಬೇಕಲಕ್ಕೆ ಬಂದಿದ್ದರು. ಭೂಮಿಯ ಮೇಲೆ ಹೀಲಿಯಂ ಕೈಗೆ ಸಿಕ್ಕಿದ್ದು 1895ರಲ್ಲಿ, ರಾಮ್ಸೆ ಅವರಿಗೆ, ಯುರೇನಿಯಂ ಇರುವ ಒಂದು ಖನಿಜದಿಂದ. 2019ರ ಡಿಸೆಂಬರ್ 26ರಂದು ಚೆರುವತ್ತೂರಿಗೆ ಕಂಕಣ ಗ್ರಹಣ ನೋಡಲು ಜನ ಸೇರಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೇಕಲ ಕೋಟೆಗೆ ಮುಂದಿನ ಸಲ ಟೂರ್ ಹೋದಾಗ ಲಾಕ್ಯರ್ ಅವರ ಹೆಸರು ನೆನಪು ಮಾಡಿಕೊಳ್ಳಿ.

ಮೋಲ್ ತಲೆಗೇ ಹೋಗುವುದಿಲ್ಲ. ಅಷ್ಟು ದೊಡ್ಡ ಸಂಖ್ಯೆ ಎಂತಕ್ಕೆ?

ಅಡಿಕೆ ಮಾರುವಾಗ ಯಾರೂ ಒಂದೊಂದೇ ಎಣಿಸುವುದಿಲ್ಲ, ತೂಗುತ್ತಾರೆ. ಒಂದು ಅಡಿಕೆಯ ತೂಕ ಗೊತ್ತಿದ್ದರೆ ಗೋಣಿಯ ತೂಕದಿಂದ ಒಳಗೆ ಎಷ್ಟು ಇದೆ ಅಂತ ಹೇಳಬಹುದು. ಮೋಲ್ ಅಂದರೂ ಇಷ್ಟೇ, ಎಣಿಸಲಾಗದ್ದನ್ನು ತೂಗಿ ಎಣಿಸುವ ಉಪಾಯ.

ಪರಮಾಣು ತುಂಬಾ ಸಣ್ಣದಾದ್ದರಿಂದ ಸಂಖ್ಯೆ ದೊಡ್ಡದಾಯಿತು: 6.022 ಗುಣಿಸು 10ರ ಘಾತ 23. ಇಷ್ಟು ಕಣಗಳಿದ್ದರೆ ಒಂದು ಮೋಲ್. ಚಂದ ಇರುವುದು ಇನ್ನು ಮುಂದೆ. ಕಾರ್ಬನ್ನಿನ ಪರಮಾಣು ರಾಶಿ 12, ಹಾಗಾಗಿ 12 ಗ್ರಾಂ ಕಾರ್ಬನ್ ಒಂದು ಮೋಲ್. ನೀರಿನ ಅಣುರಾಶಿ 1, 1, 16 ಕೂಡಿಸಿ 18, ಹಾಗಾಗಿ 18 ಗ್ರಾಂ ನೀರು ಒಂದು ಮೋಲ್. 18 ಗ್ರಾಂ ಅಂದರೆ 18 ಮಿಲಿಲೀಟರ್, ಅಂಗೈ ಬೊಗಸೆ ಮಾಡಿದರೆ ಹಿಡಿಯುವಷ್ಟು ನೀರು. ಉಪ್ಪಾದರೆ 58.5 ಗ್ರಾಂ. ಬೇರೆ ಬೇರೆ ತೂಕ, ಆದರೆ ಒಳಗಿರುವ ಎಣಿಕೆ ಒಂದೇ.

ಲೆಕ್ಕ ಮಾಡುವಾಗ ಒಂದೇ ಸೂತ್ರ ಸಾಕು: ಗ್ರಾಂನಲ್ಲಿರುವ ತೂಕವನ್ನು ಒಂದು ಮೋಲಿನ ತೂಕದಿಂದ ಭಾಗಿಸಿ. 90 ಗ್ರಾಂ ನೀರು ಅಂದರೆ 90 ಭಾಗಿಸು 18, ಅಂದರೆ 5 ಮೋಲ್. ಇದು ಯಾವ ಉಪಯೋಗಕ್ಕೆ ಅಂತ ಕೆಳಗೆ ತೋಟದ ಮದ್ದಿನ ಪ್ರಶ್ನೆಯಲ್ಲಿ ತೋರಿಸುತ್ತೇನೆ.

ಸಮೀಕರಣ ಸರಿದೂಗಿಸುವುದು ಹೇಗೆ? ಅಂಕಿ ಹಾಕಿ ಹಾಕಿ ಸಾಕಾಗುತ್ತದೆ.

ಅಂದಾಜಿನಲ್ಲಿ ಅಂಕಿ ಹಾಕಿದರೆ ಸಾಕಾಗಿಯೇ ಆಗುತ್ತದೆ. ಒಂದು ಕ್ರಮ ಇಟ್ಟುಕೊಳ್ಳಿ. ಅಡುಗೆ ಗ್ಯಾಸಿನಲ್ಲಿ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ಇರುತ್ತವೆ. ಪ್ರೊಪೇನ್ ತೆಗೆದುಕೊಳ್ಳೋಣ. ಅದರ ಒಂದು ಅಣುವಿನಲ್ಲಿ 3 ಕಾರ್ಬನ್, 8 ಹೈಡ್ರೋಜನ್. ಉರಿದಾಗ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು ಆಗುತ್ತದೆ.

ಮೊದಲು ಕಾರ್ಬನ್ ನೋಡಿ. ಎಡಗಡೆ 3 ಇದೆ, ಬಲಗಡೆ ಕಾರ್ಬನ್ ಇರುವುದು ಕಾರ್ಬನ್ ಡೈಆಕ್ಸೈಡಿನಲ್ಲಿ ಮಾತ್ರ, ಹಾಗಾದರೆ ಅದರ 3 ಅಣು ಬೇಕು. ಆಮೇಲೆ ಹೈಡ್ರೋಜನ್. ಎಡಗಡೆ 8, ನೀರಿನ ಒಂದು ಅಣುವಿನಲ್ಲಿ 2, ಹಾಗಾದರೆ ನೀರಿನ 4 ಅಣು. ಕೊನೆಗೆ ಆಕ್ಸಿಜನ್. ಬಲಗಡೆ 3 ಕಾರ್ಬನ್ ಡೈಆಕ್ಸೈಡಿನಲ್ಲಿ 6, 4 ನೀರಿನಲ್ಲಿ 4, ಒಟ್ಟು 10. ಆಕ್ಸಿಜನ್ ಅಣುವಿನಲ್ಲಿ ಎರಡೆರಡು ಪರಮಾಣು, ಹಾಗಾದರೆ 5 ಅಣು. ಮುಗಿಯಿತು: ಪ್ರೊಪೇನ್ + 5 ಆಕ್ಸಿಜನ್ → 3 ಕಾರ್ಬನ್ ಡೈಆಕ್ಸೈಡ್ + 4 ನೀರು.

ಒಂಟಿಯಾಗಿ ಇರುವ ಧಾತುವನ್ನು, ಇಲ್ಲಿ ಆಕ್ಸಿಜನ್ನನ್ನು, ಕೊನೆಗೆ ಇಟ್ಟುಕೊಂಡರೆ ಅರ್ಧ ಕೆಲಸ ಹಗುರ. ಸೂತ್ರದೊಳಗಿನ ಸಣ್ಣ ಅಂಕಿಯನ್ನು ಮಾತ್ರ ಯಾವತ್ತೂ ಬದಲಿಸಬೇಡಿ. ಅದನ್ನು ಮುಟ್ಟಿದರೆ ವಸ್ತುವೇ ಬದಲಾಗುತ್ತದೆ.

ಆ 5 ಅನ್ನುವ ಅಂಕಿ ಬರೀ ಮಾರ್ಕಿಗಲ್ಲ. ಒಂದು ಅಣು ಗ್ಯಾಸ್ ಪೂರ್ತಿ ಉರಿಯಲು ಐದು ಅಣು ಆಕ್ಸಿಜನ್ ಬೇಕು. ಸ್ಟವ್ವಿನ ತೂತು ಕಟ್ಟಿಕೊಂಡು ಗಾಳಿ ಸಾಲದೆ ಹೋದರೆ ನೀಲಿ ಉರಿ ಹಳದಿಯಾಗುತ್ತದೆ, ಪಾತ್ರೆಯ ತಳ ಕಪ್ಪಾಗುತ್ತದೆ. ಆ ಮಸಿ ಉರಿಯದೆ ಉಳಿದ ಕಾರ್ಬನ್. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಾಸನೆ ಇಲ್ಲದ ವಿಷಗಾಳಿಯೂ ಹುಟ್ಟುತ್ತದೆ. ಹಳದಿ ಉರಿ ಕಂಡರೆ ಮನೆಯಲ್ಲಿ ಹೇಳಿ, ಬರ್ನರ್ ಕ್ಲೀನ್ ಮಾಡಿಸಿ.

ಅಡಿಕೆಗೆ ಮದ್ದು ಮಾಡುವಾಗ ಅಜ್ಜ ಕತ್ತಿ ಅದ್ದಿ ನೋಡುತ್ತಾರೆ. ಎಂತಕ್ಕೆ?

ಇದೊಂದು ಪ್ರಶ್ನೆಯಲ್ಲಿ ನಿಮ್ಮ ಪುಸ್ತಕದ ಮೂರು ಪಾಠ ಇವೆ, ಹಾಗಾಗಿ ನಿಧಾನಕ್ಕೆ ಹೇಳುತ್ತೇನೆ.

ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ 1885ರ ಹೊತ್ತಿಗೆ ಫ್ರಾನ್ಸಿನ ಬೋರ್ಡೋ ಊರಿನ ದ್ರಾಕ್ಷಿ ತೋಟಗಳಲ್ಲಿ ಮಿಲಾರ್ಡೆ ಅನ್ನುವವರು ರೂಪಿಸಿದ್ದು. ಶೇಕಡಾ 1ರ ದ್ರಾವಣಕ್ಕೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ (ಕ್ಯಾಲ್ಸಿಯಂ ಹೈಡ್ರಾಕ್ಸೈಡ್), 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರಿನಲ್ಲಿ ಬೇರೆಯಾಗಿ ಕರಗಿಸಿ, ಸುಣ್ಣವನ್ನು 50 ಲೀಟರಿನಲ್ಲಿ ಬೇರೆಯಾಗಿ ಕದಡಿ, ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುತ್ತಾರೆ. ತಿಳಿ ನೀಲಿ ನೀರು ಹೋಗಿ ದಪ್ಪ ಆಕಾಶ ನೀಲಿ ದ್ರಾವಣ ಆಗುವುದನ್ನು ಹತ್ತಿರ ನಿಂತು ನೋಡಿ. ಅಲ್ಲಿ ಆಗುವುದು ಮುಖ್ಯವಾಗಿ ಇದು: ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್. ಎರಡು ಸಂಯುಕ್ತಗಳು ಜೊತೆ ಬದಲಾಯಿಸಿಕೊಂಡವು. ಪುಸ್ತಕದಲ್ಲಿ ಇದೇ ದ್ವಿಸ್ಥಾನಪಲ್ಲಟ.

ಈಗ ಕತ್ತಿ. ಸುಣ್ಣ ಸಾಲದಿದ್ದರೆ ನೀರಿನಲ್ಲಿ ಕರಗಿದ ತಾಮ್ರ ಹಾಗೇ ಉಳಿದಿರುತ್ತದೆ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಅಲಗಿನ ಮೇಲೆ ಕೆಂಪು ಕಂದು ಪದರ ಕೂತಿರುತ್ತದೆ. ಬೆರಳಿನಿಂದ ಒರಸಿದರೆ ಸ್ವಲ್ಪ ಬರುತ್ತದೆ. ತುಕ್ಕು ಅಂತ ತಿಳಿಯಬೇಡಿ, ಅದು ಶುದ್ಧ ತಾಮ್ರ. ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರವನ್ನು ಹೊರಗೆ ಹಾಕಿತು: ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ. ಕಬ್ಬಿಣ ಎರಡು ಎಲೆಕ್ಟ್ರಾನ್ ಕಳೆದುಕೊಂಡಿತು, ಅದು ಉತ್ಕರ್ಷಣ. ತಾಮ್ರ ಅವನ್ನು ಪಡೆದುಕೊಂಡಿತು, ಅದು ಅಪಕರ್ಷಣ. ಕೆಂಪು ಪದರ ಕಂಡರೆ ಇನ್ನೂ ಸುಣ್ಣ ಸೇರಿಸಬೇಕು, ಇಲ್ಲದಿದ್ದರೆ ಕರಗಿದ ತಾಮ್ರದಿಂದ ನಳ್ಳಿ, ಎಲೆ ಸುಟ್ಟುಹೋಗುತ್ತವೆ. ಮೈಲುತುತ್ತನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಅನ್ನುವುದೂ ಇದೇ ಕಾರಣಕ್ಕೆ. ಡ್ರಮ್ಮೂ ಕತ್ತಿಯ ಹಾಗೆಯೇ ಕಬ್ಬಿಣ ಅಲ್ವಾ, ತಾಮ್ರವೆಲ್ಲ ಅದಕ್ಕೇ ಅಂಟುತ್ತದೆ.

ಇನ್ನು ಮೋಲ್ ಲೆಕ್ಕ. ಮೈಲುತುತ್ತಿನ ಹರಳಿನಲ್ಲಿ ಐದು ನೀರಿನ ಅಣುಗಳೂ ಇವೆ, ಎಲ್ಲ ಸೇರಿ ಒಂದು ಮೋಲಿಗೆ ಸುಮಾರು 250 ಗ್ರಾಂ. ಹಾಗಾದರೆ 1 ಕೆಜಿ ಅಂದರೆ 4 ಮೋಲ್. ಸಮೀಕರಣದಲ್ಲಿ ಒಂದಕ್ಕೆ ಒಂದು, ಹಾಗಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕೂಡ 4 ಮೋಲ್ ಬೇಕು. ಅದರ ಒಂದು ಮೋಲ್ 74 ಗ್ರಾಂ. 4 ಗುಣಿಸು 74, ಅಂದರೆ 296 ಗ್ರಾಂ. ಲೆಕ್ಕದ ಪ್ರಕಾರ 300 ಗ್ರಾಂ ಒಳ್ಳೆಯ ಸುಣ್ಣವೇ ಸಾಕು, ನಾವು ಹಾಕುವುದು 1 ಕೆಜಿ. ಮತ್ತೆ ಸಾಲದೆ ಬರುವುದು ಹೇಗೆ? ಗೋಣಿಯಲ್ಲಿ ತುಂಬಾ ದಿನ ತೆರೆದಿಟ್ಟ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿಬಿಡುತ್ತದೆ. ನೋಡಲು ಅದೇ ಬಿಳಿ ಪುಡಿ, ಆದರೆ ಈ ಕೆಲಸಕ್ಕೆ ಬಾರದು. ಎಷ್ಟು ಸುಣ್ಣ ಸತ್ತಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಕತ್ತಿಗೆ ಗೊತ್ತಾಗುತ್ತದೆ. ಅಜ್ಜ ಮಾಡುವುದು ಪಕ್ಕಾ ಕೆಮಿಸ್ಟ್ರಿ ಪ್ರಯೋಗ. ಹತ್ತನೇ ಕ್ಲಾಸಿನ ಮಕ್ಕಳು ಮಳೆಗಾಲದ ಮೊದಲು ಒಂದು ದಿನ ಅವರ ಪಕ್ಕ ನಿಂತು ಇದನ್ನು ನೋಡಲೇಬೇಕು ಅಂತ ನನ್ನ ಆಸೆ.

ಆಮ್ಲ, ಪ್ರತ್ಯಾಮ್ಲ ಪರೀಕ್ಷೆ ಮಾಡಲು ಮನೆಯಲ್ಲಿ ಲಿಟ್ಮಸ್ ಇಲ್ಲ. ಏನು ಮಾಡಲಿ?

ಅರಿಶಿನ ಸಾಕು. ಅರಿಶಿನ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಆರತಿಯ ಕುರ್ದಿ ನೀರು ಮಾಡುವುದೇ ಹಾಗೆ. ಅದಕ್ಕೆ ಲಿಂಬೆ ಹಿಂಡಿದರೆ ಮತ್ತೆ ಹಳದಿ. ಅರಿಶಿನ ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ, ಆಮ್ಲಕ್ಕೂ ಬರೀ ನೀರಿಗೂ ವ್ಯತ್ಯಾಸ ಹೇಳುವುದಿಲ್ಲ. ಎರಡೂ ಬೇಕಾದರೆ ಕೆಂಪು ದಾಸವಾಳದ ಎಸಳು ಬಿಸಿನೀರಿನಲ್ಲಿ ಹಾಕಿ ಬಣ್ಣ ತೆಗೆಯಿರಿ. ಆಮ್ಲಕ್ಕೆ ಗಾಢ ಕೆಂಪು, ಪ್ರತ್ಯಾಮ್ಲಕ್ಕೆ ಹಸಿರು. ಪುನರ್ಪುಳಿ ಶರಬತ್ತಿಗೂ ಒಂದು ಚಿಟಿಕೆ ಅಡುಗೆ ಸೋಡ ಹಾಕಿ ನೋಡಿ, ಕೆಂಪು ಹೋಗಿಬಿಡುತ್ತದೆ, ನೊರೆಯೂ ಬರುತ್ತದೆ. ಆ ನೊರೆ ಕಾರ್ಬನ್ ಡೈಆಕ್ಸೈಡ್.

ಪಿಎಚ್ ಅಳತೆ ಡೆನ್ಮಾರ್ಕಿನ ಸೋರೆನ್ಸನ್ 1909ರಲ್ಲಿ ತಂದದ್ದು. 7 ತಟಸ್ಥ, ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ ಅನ್ನುವುದನ್ನು ಮಕ್ಕಳು ಮರೆಯುತ್ತಾರೆ. ಪಿಎಚ್ 5ರ ನೀರು ಪಿಎಚ್ 6ರ ನೀರಿಗಿಂತ ಹತ್ತು ಪಟ್ಟು ಆಮ್ಲೀಯ, 7ಕ್ಕಿಂತ ನೂರು ಪಟ್ಟು.

ನಮ್ಮ ಬಾವಿ ನೀರು ಪರೀಕ್ಷೆ ಮಾಡಿಸಿದಾಗ ಪಿಎಚ್ ಕಡಿಮೆ ಅಂತ ಬಂತು. ಯಾಕೆ?

ಮುರಕಲ್ಲಿನ ಜಾಗದಲ್ಲಿ ಇದು ಸಾಮಾನ್ಯ. ಮಳೆನೀರು ಗಾಳಿಯ ಮತ್ತು ಮಣ್ಣಿನ ಕಾರ್ಬನ್ ಡೈಆಕ್ಸೈಡನ್ನು ಕರಗಿಸಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲ ಆಗುತ್ತದೆ. ಸುಣ್ಣದಕಲ್ಲು ಇರುವ ಊರಿನಲ್ಲಿ ಕಲ್ಲೇ ಆ ಆಮ್ಲವನ್ನು ತಟಸ್ಥ ಮಾಡಿಬಿಡುತ್ತದೆ. ನಮ್ಮ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾವಿರಾರು ವರ್ಷಗಳ ಜೋರು ಮಳೆಗೆ ತೊಳೆದುಹೋಗಿದೆ, ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡುಗಳು. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದೂ ಇದಕ್ಕೇ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 6.5ರಿಂದ 8.5. ಸ್ವಲ್ಪ ಕೆಳಗಿದ್ದರೆ ಕೂಡಲೇ ಗಾಬರಿ ಬೇಡ, ಆದರೆ ಅಂಥ ನೀರು ಲೋಹದ ಪೈಪನ್ನು ಬೇಗ ತಿನ್ನುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕು?

ಸಾಮಾನ್ಯವಾಗಿ 1000 ಲೀಟರಿಗೆ 2.5 ಗ್ರಾಂ. ಬಾವಿಯ ಅಗಲ 2 ಮೀಟರ್, ನೀರಿನ ಆಳ 3 ಮೀಟರ್ ಅಂತ ಇಟ್ಟುಕೊಳ್ಳಿ. ತ್ರಿಜ್ಯ 1 ಮೀಟರ್. 3.14 ಗುಣಿಸು 1 ಗುಣಿಸು 1 ಗುಣಿಸು 3, ಅಂದರೆ 9.42 ಘನ ಮೀಟರ್, ಅಂದರೆ 9420 ಲೀಟರ್. ಪೌಡರ್ ಸುಮಾರು 24 ಗ್ರಾಂ. ಬಕೆಟ್ಟಿನಲ್ಲಿ ನೀರು ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ನೀರನ್ನು ಮಾತ್ರ ಬಾವಿಗೆ ಬಿಡುವುದು. ಕೆಳಗೆ ಕೂರುವುದು ಸುಣ್ಣದ ಗಸಿ. ಒಂದು ಗಂಟೆ ಆದ ಮೇಲೆ ನೀರು ಬಳಸಬಹುದು. ತೆರೆದಿಟ್ಟ ಹಳೆ ಪೌಡರಿಗೆ ಕ್ಲೋರಿನ್ ಹೋಗಿ ಶಕ್ತಿ ಇರುವುದಿಲ್ಲ.

ರಬ್ಬರ್ ಹಾಲಿಗೆ ಆಸಿಡ್ ಹಾಕಿದರೆ ಗಟ್ಟಿ ಆಗುತ್ತದಲ್ಲ, ಅದು ರಾಸಾಯನಿಕ ಬದಲಾವಣೆಯಾ?

ಇಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ಹಾಲಿನಲ್ಲಿ ರಬ್ಬರಿನ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ. ಅವುಗಳ ಮೇಲ್ಮೈಯಲ್ಲಿ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂಡುತ್ತವೆ, ಸೇರುವುದಿಲ್ಲ. ಫಾರ್ಮಿಕ್ ಆಮ್ಲದ ಹೈಡ್ರೋಜನ್ ಅಯಾನುಗಳು, ಅಂದರೆ ಧನ ವಿದ್ಯುತ್ ಇರುವ ಹೈಡ್ರೋಜನ್ ಕಣಗಳು, ಆ ವಿದ್ಯುತ್ತನ್ನು ಇಲ್ಲದಂತೆ ಮಾಡುತ್ತವೆ, ಕಣಗಳು ಒಟ್ಟುಗೂಡಿ ಡಿಶ್ಶಿನಲ್ಲಿ ಗಟ್ಟಿ ಆಗುತ್ತವೆ. ರಬ್ಬರಿನ ಅಣು ಮೊದಲಿನಂತೆಯೇ ಇದೆ. ಅಮೋನಿಯಾ ಹಾಕಿದರೆ ಹಾಲು ಕೆಡದೆ ಉಳಿಯುವುದು ಇದರ ವಿರುದ್ಧ ಕಾರಣಕ್ಕೆ. ರಬ್ಬರಿನ ಅಣುವೇ ಬದಲಾಗುವುದು ಗಂಧಕ ಸೇರಿಸಿ ಬಿಸಿ ಮಾಡಿ ಟಯರ್ ಮಾಡುವಾಗ.

ತೆಂಗಿನೆಣ್ಣೆ ಡಿಸೆಂಬರ್ ಬೆಳಿಗ್ಗೆ ಗಟ್ಟಿ ಆಗುವುದು ಬರೀ ಭೌತಿಕ ಬದಲಾವಣೆ, ಸುಮಾರು 24 ಡಿಗ್ರಿಗೆ ಅದು ಕರಗುತ್ತದೆ. ಅದೇ ಎಣ್ಣೆ ಹಳತಾಗಿ ಕನರು ವಾಸನೆ ಬಂದರೆ ರಾಸಾಯನಿಕ.

ಕುಂಬಳೆಯ ಅತ್ತೆ ಮನೆಯ ಗೇಟು ಬೇಗ ತುಕ್ಕು ಹಿಡಿಯುತ್ತದೆ, ಮುಳ್ಳೇರಿಯದಲ್ಲಿ ನಮ್ಮದು ಅಷ್ಟಿಲ್ಲ. ಕಾರಣ?

ಸಮುದ್ರದ ಉಪ್ಪು. ತುಕ್ಕಿಗೆ ಆಕ್ಸಿಜನ್ ಮತ್ತು ನೀರು ಎರಡೂ ಬೇಕು, ಒಂದೇ ಇದ್ದರೆ ಆಗುವುದಿಲ್ಲ. ನೀರಿನಲ್ಲಿ ಉಪ್ಪು ಇದ್ದರೆ ಅಯಾನುಗಳ ಓಡಾಟ ಸುಲಭವಾಗಿ ಕೆಲಸ ಬೇಗ ನಡೆಯುತ್ತದೆ. ಜಿಐ ಪೈಪಿಗೆ ಸತುವಿನ ಲೇಪ ಇರುತ್ತದೆ. ಸತು ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲ, ಹಾಗಾಗಿ ಲೇಪ ಸ್ವಲ್ಪ ಗೀರಿದರೂ ಮೊದಲು ಸತುವೇ ಸವೆಯುತ್ತದೆ. ಕತ್ತಿಯ ಪ್ರಶ್ನೆಯಲ್ಲಿ ನೋಡಿದ ಅದೇ ಕ್ರಿಯಾಶೀಲತೆಯ ಸಾಲು.

ಕೆಮಿಕಲ್ ಅಂದರೆ ವಿಷ ಅಂತ ಮನೆಯಲ್ಲಿ ಹೇಳುತ್ತಾರೆ. ಹೌದಾ?

ನೀರೂ ಕೆಮಿಕಲ್ಲೇ. ಆದರೆ ನಮ್ಮ ಜಿಲ್ಲೆಯಲ್ಲಿ ಈ ಮಾತು ಸುಮ್ಮನೆ ಬಂದದ್ದಲ್ಲ, ಹಾಗಾಗಿ ಹಾಗೆ ಹೇಳುವ ದೊಡ್ಡವರ ಮಾತನ್ನು ತಳ್ಳಿಹಾಕಬೇಡಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಎಣ್ಮಕಜೆಯಂಥ ಊರುಗಳಲ್ಲಿ ಮಕ್ಕಳು, ದೊಡ್ಡವರು ಅನುಭವಿಸಿದ್ದನ್ನು ಇಡೀ ದೇಶ ನೋಡಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಅದು ಸೇರಿತು.

ಅದರ ಅಣುವಿನಲ್ಲಿ 9 ಕಾರ್ಬನ್, 6 ಹೈಡ್ರೋಜನ್, 6 ಕ್ಲೋರಿನ್, 3 ಆಕ್ಸಿಜನ್, 1 ಗಂಧಕ. ಉಪ್ಪಿನಲ್ಲೂ ಕ್ಲೋರಿನ್ ಇದೆ, ಇದರಲ್ಲೂ ಇದೆ. ಬಂಧ ಹೇಗಿದೆ ಅನ್ನುವುದರಲ್ಲಿ ಎಲ್ಲ ವ್ಯತ್ಯಾಸ. ಉಪ್ಪು ನೀರಿನಲ್ಲಿ ಕರಗಿ ಮೈಯಿಂದ ಹೊರಗೆ ಹೋಗುತ್ತದೆ. ಎಂಡೋಸಲ್ಫಾನ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿನಲ್ಲಿ ಬೇಗ ಒಡೆಯುವುದಿಲ್ಲ. ಹಾಗಾಗಿ ಒಂದು ವಸ್ತುವಿನ ಬಗ್ಗೆ ಕೇಳಬೇಕಾದ ಪ್ರಶ್ನೆ ಕೆಮಿಕಲ್ಲಾ ಅಲ್ಲವಾ ಅಂತ ಅಲ್ಲ. ಎಷ್ಟು ಪ್ರಮಾಣ, ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ ಉಳಿಯುತ್ತದೆ? ಈ ಮೂರನ್ನು ಕೇಳಲು ಬರುವ ಮಕ್ಕಳು ನಮ್ಮ ಜಿಲ್ಲೆಗೆ ಬೇಕು.

ಪ್ಲಸ್ ವನ್‌ನಲ್ಲಿ (ಹನ್ನೊಂದನೇ ಕ್ಲಾಸು) ಪಾಠ ಇಂಗ್ಲಿಷಿನಲ್ಲಿ ಆಗುತ್ತದೆ. ಕನ್ನಡದಲ್ಲಿ ಕಲಿತದ್ದು ವ್ಯರ್ಥವಾ?

ಖಂಡಿತ ಅಲ್ಲ. ಸಂಕೇತ, ಸಮೀಕರಣ, ಲೆಕ್ಕ ಒಂದೂ ಬದಲಾಗುವುದಿಲ್ಲ. ಹತ್ತನೇ ಕ್ಲಾಸಿನ ರಜೆಯಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಎರಡೂ ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದಿಟ್ಟುಕೊಳ್ಳಿ. ಮೊದಲ ಕೆಲವು ವಾರ ಕಷ್ಟ, ಆಮೇಲೆ ಸರಿಹೋಗುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಸಮಯ ಸಾಲುವುದಿಲ್ಲ.

40 ಮಾರ್ಕು, ಒಂದೂವರೆ ಗಂಟೆ. ಮೊದಲ 15 ನಿಮಿಷದ ಕೂಲ್ ಆಫ್ ಟೈಮಿನಲ್ಲಿ (ಪ್ರಶ್ನೆಪತ್ರಿಕೆ ಓದಲು ಕೊಡುವ ಸಮಯ) ಯಾವ ಪ್ರಶ್ನೆ ಮೊದಲು ಅಂತ ಮನಸ್ಸಿನಲ್ಲೇ ಆರಿಸಿ, ಸಮೀಕರಣಗಳನ್ನು ಆಗಲೇ ಲೆಕ್ಕ ಹಾಕಿಕೊಳ್ಳಿ. ಚಿತ್ರಕ್ಕೆ ಬಣ್ಣ ಹಾಕುತ್ತಾ ಕೂರಬೇಡಿ, ಹೆಸರು ಗುರುತಿಸಿದರೆ ಸಾಕು.

ಮನೆಯಲ್ಲಿ ಯಾವ ಪ್ರಯೋಗ ಮಾಡಬಾರದು?

ಬ್ಲೀಚಿಂಗ್ ಪೌಡರಿಗಾಗಲಿ, ಬಟ್ಟೆ ಬಿಳಿ ಮಾಡುವ ದ್ರವಕ್ಕಾಗಲಿ ಟಾಯ್ಲೆಟ್ ತೊಳೆಯುವ ಆಸಿಡ್ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಪ್ರಾಣಕ್ಕೇ ಅಪಾಯ. ರಬ್ಬರ್ ಆಸಿಡ್ಡಿನ ಕ್ಯಾನ್ ಮುಟ್ಟಬೇಡಿ, ಅದು ಚರ್ಮ ಸುಡುತ್ತದೆ. ದೊಡ್ಡವರು ಅದನ್ನು ತೆಳು ಮಾಡುವಾಗಲೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಯಾವ ಆಮ್ಲವಾದರೂ ಈ ಕ್ರಮ ಬಿಡಬಾರದು. ಸಲ್ಫ್ಯೂರಿಕ್ ಆಮ್ಲದಲ್ಲಂತೂ ಹುಟ್ಟುವ ಬಿಸಿಗೆ ನೀರು ಕುದಿದು ಮುಖಕ್ಕೇ ಸಿಡಿಯುತ್ತದೆ. ಮೈಲುತುತ್ತಿನ ಬಣ್ಣ ಚಂದ ಅಂತ ಚಿಕ್ಕ ಮಕ್ಕಳು ಬಾಯಿಗೆ ಹಾಕುವುದುಂಟು, ಅದು ವಿಷ, ಎತ್ತರದಲ್ಲಿ ಇಡಿ. ಆಸಿಡ್ ಚರ್ಮಕ್ಕೆ ಬಿದ್ದರೆ ಸುಣ್ಣ, ಸೋಡ ಹಚ್ಚಲು ಹೋಗಬೇಡಿ. ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಡದೆ ತೊಳೆಯಿರಿ, ಕಣ್ಣಿಗೆ ಬಿದ್ದಿದ್ದರೆ ತೊಳೆದ ಕೂಡಲೇ ಆಸ್ಪತ್ರೆಗೆ ಹೋಗಿ.